ಗುಮಾಸ್ತೆಯ ಮೇಜಿನಿಂದ: ದೊಡ್ಡಪ್ಪ ಬದುಕಿರುವ ವಿಚಾರ



ಕಳೆದ ಸಂಚಿಕೆಯಲ್ಲಿ ಡೊಂಬಿವಲಿಯ ನಳದ ನೀರಿನ ಕಥೆ ಹೇಳಿ, ಮುಂದಿನ ಸಲ ನಮ್ಮ ಕಚೇರಿಯ ಫ್ಯಾನುಗಳ ಪುರಾಣ ಹೇಳುವೆವೆಂದು ಮಾತು ಕೊಟ್ಟಿದ್ದೆವು. ಆ ಮಾತು ನಡೆಸಲಾಗಲಿಲ್ಲ, ಕ್ಷಮಿಸಬೇಕು. ಅಷ್ಟರಲ್ಲಿ ನಮ್ಮ ಮನೆಯಲ್ಲಿ ಫ್ಯಾನಿಗಿಂತ ದೊಡ್ಡದಾದ ಪ್ರಶ್ನೆಯೊಂದು ಎದ್ದಿತು: ನಮ್ಮ ದೊಡ್ಡಪ್ಪ ಬದುಕಿದ್ದಾರೆಯೇ, ಇಲ್ಲವೇ?

ಆ ಹೊತ್ತಿಗೆ ದೊಡ್ಡಪ್ಪ ಅಡಿಗೆಮನೆಯ ಬಾಗಿಲಲ್ಲಿ ಕೂತು, ಅವಲಕ್ಕಿಗೆ ಮೊಸರು ಸಾಲದೆಂದು ತಕರಾರು ಮಾಡುತ್ತಿದ್ದರು. ಆದುದರಿಂದ ಮನೆಮಂದಿಗೆ ಯಾವ ಸಂಶಯವೂ ಇರಲಿಲ್ಲ. ಸಂಶಯ ಬಂದುದು ಯಂತ್ರಕ್ಕೆ.

ಪೆನ್ಶನ್ ತಕ್ಕೊಳ್ಳುವವರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ ತಿಂಗಳಲ್ಲಿ, ತಾವು ಇನ್ನೂ ಈ ಲೋಕದಲ್ಲಿಯೇ ಇದ್ದೇವೆಂದು ಸಾಬೀತು ಮಾಡಬೇಕೆಂಬುದು ನಿಮಗೆ ಗೊತ್ತು. ನಮ್ಮ ಮುಂಬಯಿಯಲ್ಲಿ ಅದಕ್ಕೆ 'ಹಯಾತೀಚಾ ದಾಖಲಾ' ಎನ್ನುತ್ತಾರೆ. ದೊಡ್ಡಪ್ಪ ಅಂಕೋಲೆಯ ಕಡೆಯಿಂದ ಬಂದು ರೈಲ್ವೆಯ ಛಾಪಖಾನೆಯಲ್ಲಿ ಮೂವತ್ತಾರು ವರ್ಷ ದುಡಿದವರು. ಅದರಲ್ಲಿ ಬಹುಕಾಲ ಸೀಸದ ಮೊಳೆ ಜೋಡಿಸಿದವರು. 2004ರಲ್ಲಿ ನಿವೃತ್ತರಾದರು. ಈಗ ಎಂಬತ್ತೊಂದು. ದೊಡ್ಡಮ್ಮ ತೀರಿಕೊಂಡ ಮೇಲೆ ನಮ್ಮಲ್ಲಿಯೇ ಇದ್ದಾರೆ. ಪೆನ್ಶನ್ನಿನ ಖಾತೆ ಮಾತ್ರ ಇನ್ನೂ ಪೇಟೆಯ ಹಳೆಯ ಬ್ಯಾಂಕಿನಲ್ಲಿಯೇ ಉಂಟು. ಅದನ್ನು ಬದಲಾಯಿಸೋಣವೆಂದರೆ, "ಮೂವತ್ತು ವರ್ಷದ ಗುರುತು, ಅದನ್ನು ಮುರಿಯಬಾರದು" ಎನ್ನುತ್ತಾರೆ. ಗುರುತಿನ ಮೇಲೆ ಅವರಿಗೆ ಅಷ್ಟು ನಂಬಿಕೆ.

ಹೀಗಾಗಿ 2025ರ ನವೆಂಬರದಲ್ಲಿ ನಾವು ಅರ್ಧ ದಿನದ ರಜೆ ಹಾಕಿ, ದೊಡ್ಡಪ್ಪನನ್ನು ಕರೆದುಕೊಂಡು ಹೊರಟೆವು. (ಇಲ್ಲಿ 'ನಾವು' ಎಂದರೆ ಒಬ್ಬರೇ. ಗುಮಾಸ್ತೆಗೆ ಬಹುವಚನ ದೊರೆಯುವುದು ಈ ಪುಟದಲ್ಲಿ ಮಾತ್ರ. ಸಂಪಾದಕರು ಅದನ್ನು ಕಸಿಯದಿರಲಿ.)

ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ಎಲ್ಲಿಂದಲೋ ಬೀಪ್, ಬೀಪ್ ಎಂದು ಸದ್ದು ಬರುತ್ತಿತ್ತು. ದೊಡ್ಡಪ್ಪ ಕಿವಿಗೊಟ್ಟು, "ಅದೆಂಥದು ತಮ್ಮಾ, ಬಿಡದೆ ಕೂಗುವುದು?" ಎಂದು ಕೇಳಿದರು. ಹದಿನೈದು ವರ್ಷದಿಂದ ಅದೇ ದಾರಿಯಲ್ಲಿ ಹೋಗಿಬರುವ ನಾವು ಅದನ್ನು ಕೇಳಿದ್ದೆವೇ ಹೊರತು ವಿಚಾರಿಸಿರಲಿಲ್ಲ. ಪಕ್ಕದಲ್ಲಿ ಬಿಳಿ ಕೋಲು ಹಿಡಿದು ನಿಂತ ಗೃಹಸ್ಥರೊಬ್ಬರು ನಕ್ಕು ಹೇಳಿದರು: ಅಂಗವಿಕಲರ ಡಬ್ಬಿ ಬಂದು ನಿಲ್ಲುವ ಜಾಗದಲ್ಲಿ ಆ ಸದ್ದಿನ ಪೆಟ್ಟಿಗೆ ಇಟ್ಟಿರುತ್ತಾರೆ, ಕಣ್ಣಿಲ್ಲದವರು ಸದ್ದು ಹಿಡಿದು ಬಂದು ನಿಂತರೆ ಡಬ್ಬಿಯ ಬಾಗಿಲು ಎದುರಿಗೇ ಬರುತ್ತದೆ. "ಗದ್ದಲದಲ್ಲಿ ನಮಗೆ ಅದೇ ದಾರಿ ತೋರಿಸುವ ಹುಡುಗ," ಎಂದರು ಅವರು. ಗಾಡಿ ಬಂತು, ಅವರು ಏರಿ ಹೋದರು. ನಾವು ನಮ್ಮ ಡಬ್ಬಿಯ ಕಡೆಗೆ ಓಡಿದೆವು. ಓಡಿದವರು ನಾವು, ದೊಡ್ಡಪ್ಪ ಓಡಲಿಲ್ಲವಾದ್ದರಿಂದ ಆ ಗಾಡಿ ತಪ್ಪಿತು. ಮುಂದಿನದು ಸಿಕ್ಕಿತು.

ಬ್ಯಾಂಕಿನಲ್ಲಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಯಂತ್ರ. ಅದರ ಮೇಲೆ ಬೆರಳಿಡಬೇಕು. ದೊಡ್ಡಪ್ಪ ಬಲಗೈ ತೋರುಬೆರಳಿಟ್ಟರು, ಕೆಂಪು ದೀಪ. ಹೆಬ್ಬೆರಳಿಟ್ಟರು, ಕೆಂಪು ದೀಪ. ಕರವಸ್ತ್ರದಿಂದ ಒರೆಸಿ ಇಟ್ಟರು, ತಲೆಗೆ ತಿಕ್ಕಿ ಎಣ್ಣೆಯ ಪಸೆ ಮಾಡಿಕೊಂಡು ಇಟ್ಟರು. ಹತ್ತೂ ಬೆರಳುಗಳ ಪರೀಕ್ಷೆ ಮುಗಿಯಿತು, ಹತ್ತೂ ನಾಪಾಸು. ಮೇಜಿನ ಹಿಂದಿನ ಹುಡುಗ ಕತ್ತೆತ್ತದೆ ಹೇಳಿದ: "ಕಾಕಾ, ಉದ್ಯಾ ಯಾ. ನಾಹೀತರ್ ಆನ್‌ಲೈನ್ ಕರಾ."

ದೊಡ್ಡಪ್ಪ ತಮ್ಮ ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. "ತಮ್ಮಾ, ಅಕ್ಷರ ಹಿಡಿದು ಹಿಡಿದು ಬೆರಳಿನ ಅಕ್ಷರವೇ ಸವೆದುಹೋಯಿತಲ್ಲ!" ಎಂದರು. ನಗುತ್ತಲೇ ಎಂದರು. ಆದರೆ ಹಿಂದಿರುಗುವ ಗಾಡಿಯಲ್ಲಿ ಠಾಣೆಯವರೆಗೂ ಮಾತಾಡಲಿಲ್ಲ.

ನಮಗೆ ಸಿಟ್ಟು ಬಂದಿತ್ತು. ಆ ಹುಡುಗನಿಗೆ ಏನೇನು ಹೇಳಬೇಕಾಗಿತ್ತೆಂದು ಮನಸ್ಸಿನಲ್ಲಿಯೇ ಭಾಷಣ ಸಿದ್ಧಪಡಿಸುತ್ತಿದ್ದೆವು. ಮುಲುಂದ ದಾಟುವಾಗ ಆ ಭಾಷಣ ತಟ್ಟನೆ ನಿಂತುಹೋಯಿತು. ಕಾರಣ, "ನಾಳೆ ಬನ್ನಿ, ಇಲ್ಲವೆ ಆನ್‌ಲೈನ್ ಮಾಡಿ" ಎಂಬ ಮಾತು ನಮಗೆ ಬಹಳ ಪರಿಚಿತವಾದುದು. ಅದನ್ನು ನಾವು ನಮ್ಮ ಕಿಟಕಿಯಲ್ಲಿ ಕೂತು ದಿನಕ್ಕೆ ಎಷ್ಟು ಸಲ ಹೇಳುತ್ತೇವೆಂಬ ಲೆಕ್ಕ ನಮ್ಮಲ್ಲಿಯೂ ಇಲ್ಲ. ಕಳೆದ ಮಳೆಗಾಲದಲ್ಲಿ ಒಬ್ಬ ಮುದುಕಿ ಬಂದಿದ್ದಳು. ಕಚ್ಚೆಸೀರೆ, ಕೈಯಲ್ಲಿ ಕೋಲು, ಒದ್ದೆಯಾದ ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳು. "ಆಜಿ, ಇದೆಲ್ಲ ಈಗ ಮೊಬೈಲಿನಲ್ಲೇ ಆಗುತ್ತದೆ" ಎಂದು ನಾವು ಮರಾಠಿಯಲ್ಲಿ ಹೇಳಿ ಕಾಗದಗಳನ್ನು ಹಿಂದಕ್ಕೆ ಸರಿಸಿದೆವು. ಹಾಗೆ ಹೇಳಿದುದು ನಿಯಮದ ಪ್ರಕಾರ ಸರಿಯೇ. ಅವಳು "ಬರಂ, ಬಾಳಾ" ಎಂದು ಹೋದಳು. ಮತ್ತೆ ಬರಲಿಲ್ಲ. ಆ ದಿನ ನಮಗೆ ಅದು ಒಂದು ಕೆಲಸ ಕಡಿಮೆಯಾದಂತೆ ಕಂಡಿತ್ತು.

ಇರಲಿ, ಅವಳ ವಿಚಾರಕ್ಕೆ ಆಮೇಲೆ ಬರೋಣ. ಮೊದಲು ದೊಡ್ಡಪ್ಪನನ್ನು ಬದುಕಿಸಬೇಕಲ್ಲ.

ಮನೆಗೆ ಬಂದು ನಾವು ಕಾಗದಪತ್ರ ಓದಲು ಕೂತೆವು. ಓದಿದಂತೆಲ್ಲ ನಾಚಿಕೆಯಾಯಿತು. ವಯಸ್ಸಾದಂತೆ ತೊಗಲು ಒಣಗಿ, ಬಿಗಿ ತಪ್ಪಿ, ಬೆರಳಿನ ಗೆರೆಗಳು ತಗ್ಗುತ್ತವೆ. ಕೈಕೆಲಸ ಮಾಡಿದವರಿಗೆ ಇನ್ನೂ ಬೇಗ. ರುಬ್ಬಿದವರು, ಪಾತ್ರೆ ತಿಕ್ಕಿದವರು, ಗಿರಣಿಯಲ್ಲಿ ನೂಲು ಹಿಡಿದವರು, ಮೊಳೆ ಜೋಡಿಸಿದವರು ಎಲ್ಲರ ಕಥೆಯೂ ಒಂದೇ. ಮುಂಬಯಿಗೆ ಬಂದ ನಮ್ಮ ಹಿರಿಯರ ತಲೆಮಾರು ಕೈಯಿಂದಲೇ ದುಡಿದದ್ದು. ಅವರ ಬೆರಳು ಯಂತ್ರಕ್ಕೆ ಒಪ್ಪಿಗೆಯಾಗದಿದ್ದರೆ ಆಶ್ಚರ್ಯವಿಲ್ಲ.

ಸರಕಾರಕ್ಕೆ ಇದು ತಿಳಿಯದ ಸಂಗತಿಯಲ್ಲ. 'ಜೀವನ್ ಪ್ರಮಾಣ್' ಎಂಬ ಈ ಯಂತ್ರದ ದಾಖಲೆ ಪ್ರಾರಂಭವಾದುದು 2014ರ ನವೆಂಬರ 10ರಂದು. ಮೊದಲು ಬೆರಳು ಅಥವಾ ಕಣ್ಣಿನ ಪಾಪೆ ತೋರಿಸಬೇಕಾಗಿತ್ತು. 2021ರ ನವೆಂಬರದಿಂದ ಮುಖ ತೋರಿಸಿದರೂ ಸಾಕು. ಸಾಧಾರಣ ಸ್ಮಾರ್ಟ್ ಫೋನಿನ ಕ್ಯಾಮರಾ ನಡೆಯುತ್ತದೆ. 2020ರಿಂದ ಅಂಚೆಯವರ ಪೇಮೆಂಟ್ಸ್ ಬ್ಯಾಂಕು ಈ ಕೆಲಸಕ್ಕೆ ಪೋಸ್ಟ್‌ಮನ್ನನನ್ನು ಮನೆಗೇ ಕಳಿಸುತ್ತದೆ. ಅದಕ್ಕೆ 70 ರೂಪಾಯಿ ಶುಲ್ಕವೆಂದು ಗೊತ್ತುಪಡಿಸಿದ್ದರು. ಇದಕ್ಕೂ ಹಿಂದೆ, 2017ರ ನವೆಂಬರ 9ರಂದು ರಿಸರ್ವ್ ಬ್ಯಾಂಕು ಒಂದು ಸುತ್ತೋಲೆ ಹೊರಡಿಸಿತ್ತು: ಎಪ್ಪತ್ತು ದಾಟಿದವರಿಗೆ ಮತ್ತು ಅಂಗವಿಕಲರಿಗೆ, ಹಯಾತ್ ದಾಖಲೆಯೂ ಸೇರಿ, ಮುಖ್ಯ ಸೇವೆಗಳನ್ನು ಮನೆಬಾಗಿಲಲ್ಲಿ ಒದಗಿಸಲು ಬ್ಯಾಂಕುಗಳು ಪ್ರಯತ್ನಿಸಬೇಕು, ಪೆನ್ಶನ್ ಕೊಡುವ ಬ್ಯಾಂಕಿನ ಯಾವ ಶಾಖೆಯಲ್ಲಿ ದಾಖಲೆ ಕೊಟ್ಟರೂ ಸ್ವೀಕರಿಸಬೇಕು. ಆ ಬ್ಯಾಂಕಿನ ಶಾಖೆಯೊಂದು ನಮ್ಮ ಬಿಲ್ಡಿಂಗಿನಿಂದ ಹತ್ತು ನಿಮಿಷದ ದಾರಿಯಲ್ಲಿಯೇ ಉಂಟು! ಸುತ್ತೋಲೆ ಓದುವುದೇ ಹೊಟ್ಟೆಪಾಡಾದ ನಾವು, ಎಂಟು ವರ್ಷ ಹಳೆಯ ಸುತ್ತೋಲೆ ಓದದೆ ಎಂಬತ್ತೊಂದರ ಮುದುಕನನ್ನು ಲೋಕಲಿನಲ್ಲಿ ಒಯ್ದು ತಂದಿದ್ದೆವು.

ಅದೇ ರಾತ್ರಿ ಊಟವಾದ ಮೇಲೆ ಮುಖದ ಪರೀಕ್ಷೆ ನಡೆಯಿತು. ಗೋಡೆಗೆ ಒರಗಿಸಿ ಕೂರಿಸಿದೆವು. ಫೋನು ಇಂಗ್ಲೀಷಿನಲ್ಲಿ ಕಣ್ಣು ಮಿಟುಕಿಸೆಂದು ಬರೆದು ತೋರಿಸಿತು. ಅಷ್ಟು ಸಣ್ಣ ಅಕ್ಷರ ದೊಡ್ಡಪ್ಪನಿಗೆ ಕಾಣದು; ಕನ್ನಡಕ ಹಾಕಿದರೆ ಹೊಳಪಿನಿಂದ ಫೋನಿಗೆ ಕಣ್ಣು ಕಾಣದು. ಕನ್ನಡಕ ತೆಗೆದು ಅವರು ನೆಟ್ಟ ನೋಟದಿಂದ ಕೂತರು, ಹಳೆಯ ಕಾಲದ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಳ್ಳುವವರ ಹಾಗೆ. "ಫೋಟೋ ತೆಗೆವಾಗ ಕಣ್ಣು ಮಿಟುಕಿಸಬಾರದು" ಎಂದು ಅವರು, "ಮಿಟುಕಿಸಬೇಕು" ಎಂದು ನಾವು. ಕಡೆಗೆ ನಾಲ್ಕನೇ ಇಯತ್ತೆಯ ನಮ್ಮ ಪುಟ್ಟಿ, "ಅಜ್ಜಾ, ನಾನು ಹೇಳಿದಾಗ ಕಣ್ಣು ಮುಚ್ಚಿ ತೆಗಿ" ಎಂದಳು. ಮೂರನೆಯ ಸಲಕ್ಕೆ ಹಸಿರು ಬಣ್ಣ ಬಂತು. ದೊಡ್ಡಪ್ಪ ಇನ್ನೊಂದು ವರ್ಷಕ್ಕೆ ಬದುಕಿದರು. ನಮ್ಮಾಕೆ ಆ ಸಂತೋಷಕ್ಕೆ ಬಾಳೆಹಣ್ಣಿನ ಹಲ್ವ ಮಾಡಿದಳು.

ಇಲ್ಲಿಗೆ ಕಥೆ ಸುಖಾಂತ್ಯ ಎನ್ನಬಹುದಾಗಿತ್ತು. ಆದರೆ ಕಣ್ಣು ಮಿಟುಕಿಸಲಾರದವರು ಏನು ಮಾಡಬೇಕು? ಈ ಪ್ರಶ್ನೆ ನಮ್ಮದಲ್ಲ, ಸುಪ್ರೀಮ್ ಕೋರ್ಟಿನವರೆಗೆ ಹೋದದ್ದು. ಆಸಿಡ್ ದಾಳಿಯಲ್ಲಿ ಮುಖ, ಕಣ್ಣು ಸುಟ್ಟುಹೋಗಿದ್ದ ಮಹಿಳೆಯೊಬ್ಬರು 2023ರಲ್ಲಿ ಖಾತೆ ತೆರೆಯಲು ಹೋದಾಗ, ಜೀವಂತ ಇದ್ದೀರೆಂದು ತೋರಿಸಲು ಕಣ್ಣು ಮಿಟುಕಿಸಿ ಎಂದು ಕೇಳಲಾಯಿತು. ಅದು ಅವರಿಂದ ಆಗದ ಕೆಲಸ. ಪ್ರಜ್ಞಾ ಪ್ರಸೂನ್ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯಲ್ಲಿ, 2025ರ ಏಪ್ರಿಲ್ 30ರಂದು ತೀರ್ಪು ಬಂತು. ಇಂಥ ಯಂತ್ರಸೇವೆಗಳು ಎಲ್ಲರ ಕೈಗೆ ಎಟುಕುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನದೇ ಭಾಗ ಎಂದು ನ್ಯಾಯಾಲಯ ಹೇಳಿತು. ಕಣ್ಣು ಮಿಟುಕಿಸುವುದೊಂದನ್ನೇ ಹಟ ಹಿಡಿಯದೆ ಬೇರೆ ದಾರಿಗಳನ್ನೂ ಇಡಬೇಕೆಂದು ಸೇರಿಸಿ 20 ನಿರ್ದೇಶನಗಳನ್ನು ಕೊಟ್ಟಿತು. ದೊಡ್ಡಪ್ಪನಿಗೆ ಇದನ್ನು ಓದಿ ಹೇಳಿದಾಗ, "ನ್ಯಾಯಾಧೀಶರಿಗೂ ಮನೆಯಲ್ಲಿ ದೊಡ್ಡಪ್ಪಂದಿರು ಇರಬೇಕು" ಎಂದರು.

ಇದು ಕೆಲವು ಮಂದಿ ಅಶಕ್ತರಿಗಾಗಿ ಉಳಿದವರು ಹೊರುವ ಹೊರೆಯೆಂದು ಹೇಳುವವರುಂಟು. ಅವರಿಗೆ ನಮ್ಮ ಕಸುಬಿನದೇ ಒಂದು ಕಥೆ ಹೇಳುತ್ತೇವೆ. ಗುಮಾಸ್ತೆಯೆಂಬ ಪ್ರಾಣಿಗೆ ನೂರು ವರ್ಷ ಅನ್ನ ಹಾಕಿದ ಟೈಪ್‌ರೈಟರಿನ ಮೊದಮೊದಲ ಮಾದರಿಗಳಲ್ಲಿ ಒಂದನ್ನು 1808ರ ಸುಮಾರಿಗೆ ಇಟಲಿಯ ಪೆಲ್ಲೆಗ್ರಿನೋ ತುರ್ರಿ ಎಂಬವನು ಮಾಡಿದ. ಯಾತಕ್ಕೆ ಮಾಡಿದ? ಕರೋಲಿನಾ ಎಂಬ ಅವನ ಸ್ನೇಹಿತೆಗೆ ಕಣ್ಣು ಹೋಗಿತ್ತು. ಇನ್ನೊಬ್ಬರ ಕೈಯಲ್ಲಿ ಬರೆಸದೆ ಅವಳೇ ತನ್ನ ಕಾಗದ ಬರೆಯಲೆಂದು. ಆ ಯಂತ್ರ ಈಗ ಇಲ್ಲ. ಅದರಲ್ಲಿ ಅವಳು ಬರೆದ ಕೆಲವು ಕಾಗದಗಳು ಉಳಿದಿವೆ. ನಮ್ಮ ಊರಿನದೇ ಬೇಕಾದರೆ, ಪ್ಲಾಟ್‌ಫಾರ್ಮಿನ ಎತ್ತರ ನೋಡಿ. 2014ರ ಜನವರಿಯಲ್ಲಿ ಘಾಟಕೋಪರಿನಲ್ಲಿ ಗಾಡಿ ಮತ್ತು ಪ್ಲಾಟ್‌ಫಾರ್ಮಿನ ನಡುವಿನ ಸಂದಿಗೆ ಬಿದ್ದು ಒಬ್ಬ ಹುಡುಗಿ ಎರಡೂ ಕೈ ಕಳೆದುಕೊಂಡಳು. ಆಮೇಲೆ ಉಚ್ಚ ನ್ಯಾಯಾಲಯದ ಒತ್ತಾಯ ಬಂದು ಪ್ಲಾಟ್‌ಫಾರ್ಮುಗಳನ್ನು ಎತ್ತರಿಸಿದರು. ಇಂದು ಮೊಣಕಾಲು ನೋವಿನವರು, ಬಸುರಿಯರು, ಮಕ್ಕಳನ್ನು ಎತ್ತಿಕೊಂಡವರು, ತರಕಾರಿ ಚೀಲದವರು ಎಲ್ಲರೂ ಅದರ ಮೇಲಿಂದ ಸಲೀಸಾಗಿ ಹತ್ತುತ್ತಾರೆ, ನಾವೂ ಹತ್ತುತ್ತೇವೆ.

ಉಲ್ಟಾ ಆದ ಉದಾಹರಣೆಯೂ ಉಂಟು. ನಮ್ಮ ಹಳೆಯ 500ರ ನೋಟು 167 ಮಿಲ್ಲಿಮೀಟರ್ ಉದ್ದ, 100ರದು 157. ಹತ್ತು ಮಿಲ್ಲಿಮೀಟರಿನ ವ್ಯತ್ಯಾಸ. ಕಣ್ಣಿಲ್ಲದವರು ಬೆರಳ ಸಂದಿಯಲ್ಲಿ ಅಳೆದು ತಿಳಿಯುತ್ತಿದ್ದರು. 2016ರ ತರುವಾಯ ಬಂದ ಹೊಸ ಸರಣಿಯಲ್ಲಿ 500ರದು 150, 200ರದು 146, 100ರದು 142. ಅಗಲ ಎಲ್ಲಕ್ಕೂ 66. ನಾಲ್ಕು ಮಿಲ್ಲಿಮೀಟರಿನಲ್ಲಿ ನೂರನ್ನು ಇನ್ನೂರರಿಂದ ಬೇರ್ಪಡಿಸುವ ಬೆರಳು ಯಾರದು? ಅಂಚಿನಲ್ಲಿ ಉಬ್ಬುಗೆರೆಗಳುಂಟು, ನಿಜ. ನೋಟು ಹತ್ತು ಕೈ ದಾಟಿದ ಮೇಲೆ ದೊಡ್ಡಪ್ಪನ ಬೆರಳಿನಂತೆ ಅವೂ ಸವೆಯುತ್ತವೆ. 1952ರಲ್ಲಿ ನಮ್ಮ ಮುಂಬಯಿಯಲ್ಲಿಯೇ ಹುಟ್ಟಿದ ನ್ಯಾಷನಲ್ ಅಸೋಸಿಯೇಶನ್ ಫಾರ್ ದಿ ಬ್ಲೈಂಡ್ ಸಂಸ್ಥೆ ಈ ಸಂಬಂಧ ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ರಿಸರ್ವ್ ಬ್ಯಾಂಕು 2020ರ ಜನವರಿ 1ರಂದು 'ಮಣಿ' ಎಂಬ ಆಪ್ ಹೊರತಂದಿತು. ಫೋನಿನ ಮುಂದೆ ನೋಟು ಹಿಡಿದರೆ ಎಷ್ಟರದೆಂದು ಬಾಯಿಬಿಟ್ಟು ಹೇಳುತ್ತದೆ, ಇಂಟರ್ನೆಟ್ ಬೇಡ. ಖೋಟಾ ನೋಟನ್ನು ಮಾತ್ರ ಅದು ಕಂಡುಹಿಡಿಯಲಾರದು. ಒಳ್ಳೆಯ ಸಹಾಯವೇ. ಆದರೆ ಮೊದಲು ಬೆರಳಿಗೆ ಸಾಕಾಗುತ್ತಿದ್ದ ಕೆಲಸಕ್ಕೆ ಈಗ ಫೋನು ಬೇಕಾಯಿತು. ಯಂತ್ರವನ್ನೋ ನೋಟನ್ನೋ ಮಾಡುವ ಮೊದಲೇ ಬಳಸುವವರನ್ನು ಕೇಳಿದ್ದರೆ ಆಗುತ್ತಿತ್ತು ಎಂಬುದಷ್ಟೇ ನಮ್ಮ ಅಲ್ಪಮತಿಗೆ ತೋರುವುದು.

ಇನ್ನು ಮನೆಯೊಳಗಿನ ಮಾತು. ವಾಚಕರಲ್ಲಿ ಅನೇಕರ ಮನೆಯಲ್ಲಿ ಹಿರಿಯರಿದ್ದಾರೆ, ಅವರ ಕೈಯಲ್ಲಿ ಮಕ್ಕಳು ಬಿಟ್ಟ ಹಳೆಯ ಫೋನುಂಟು. ನಾವು ಈ ಎರಡು ತಿಂಗಳಲ್ಲಿ ಕಲಿತದ್ದನ್ನು ಹೇಳುತ್ತೇವೆ.

ಫೋನಿನ ಸೆಟ್ಟಿಂಗ್ಸಿನಲ್ಲಿ 'ಅಕ್ಸೆಸಿಬಿಲಿಟಿ' ಎಂಬ ಕೋಣೆಯುಂಟು. ಹೆಚ್ಚಿನವರು ಅದರ ಬಾಗಿಲು ತೆರೆದೇ ಇರುವುದಿಲ್ಲ. ಅಕ್ಷರ ದೊಡ್ಡದು ಮಾಡುವುದು ಅಲ್ಲಿ. ಪರದೆಯನ್ನು ಭೂತಗನ್ನಡಿಯಂತೆ ಹಿಗ್ಗಿಸುವುದೂ ಅಲ್ಲಿ. ಕೈ ನಡುಗುವವರಿಗೆ 'ಟಚ್ ಅಂಡ್ ಹೋಲ್ಡ್' ಎಂಬುದರ ಹೊತ್ತು ಹೆಚ್ಚಿಸಿದರೆ, ಬೆರಳು ತುಸು ಹೆಚ್ಚು ಹೊತ್ತು ನಿಂತರೂ ಫೋನು ತಪ್ಪು ತಿಳಿಯುವುದಿಲ್ಲ. ಕಣ್ಣು ತೀರ ಮಂದವಾದವರಿಗೆ 'ಟಾಕ್‌ಬ್ಯಾಕ್' ಉಂಟು. ಮುಟ್ಟಿದ್ದನ್ನೆಲ್ಲ ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಇದನ್ನು ತಿಳಿಯದೆ ಹಚ್ಚಬೇಡಿ. ನಾವು ಹಚ್ಚಿ, ಒಂದು ಮುಟ್ಟಿಗೆ ತೆರೆಯುವುದೆಲ್ಲ ಎರಡು ಮುಟ್ಟಿಗೆ ತೆರೆಯುವಂತಾಗಿ, ಒಂದು ಸಂಜೆ ಪೂರ್ತಿ ಫೋನು ನಮಗೇ ಉಪದೇಶ ಮಾಡುತ್ತಿತ್ತು. (ಅನೇಕ ಫೋನುಗಳಲ್ಲಿ ಸದ್ದಿನ ಎರಡೂ ಗುಂಡಿಗಳನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ಅದು ಬಾಯಿ ಮುಚ್ಚುತ್ತದೆ.) ಟೈಪು ಮಾಡಲಾರದವರು ಕನ್ನಡದಲ್ಲಿಯೇ ಮಾತಾಡಿ ಬರೆಸಬಹುದು, 2017ರಿಂದ ಗೂಗಲ್ಲಿನಲ್ಲಿ ಆ ಅನುಕೂಲವುಂಟು. ಸ್ಮಾರ್ಟ್ ಫೋನೇ ಬೇಡವೆನ್ನುವವರಿಗೆ, ಗುಂಡಿಯ ಸಾದಾ ಫೋನಿನಿಂದ ದುಡ್ಡು ಕಳಿಸುವ ಯುಪಿಐ 123ಪೇ ಎಂಬ ಏರ್ಪಾಡು 2022ರ ಮಾರ್ಚಿನಲ್ಲಿ ಬಂದಿದೆ.

ಇಷ್ಟೆಲ್ಲಕ್ಕಿಂತ ದೊಡ್ಡ ಅಡ್ಡಿ ನಮ್ಮ ಕೈಯಲ್ಲಿಯೇ ಉಂಟು. "ಕೊಡಿ ಇಲ್ಲಿ, ನಾನು ಮಾಡುತ್ತೇನೆ" ಎಂದು ನಾವು ಅವರ ಫೋನು ಕಸಿಯುತ್ತೇವೆ. ಅರ್ಧ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಅವರು ಕಲಿಯುವುದು ಅಲ್ಲಿಗೇ ನಿಲ್ಲುತ್ತದೆ. ನಾಳೆ ನಾವು ಕಚೇರಿಯಲ್ಲಿದ್ದಾಗ ಮನೆಗೆ ಬಂದ ಅಪರಿಚಿತನಿಗೋ, ಫೋನು ಮಾಡಿದ ಮೋಸಗಾರನಿಗೋ ಅವರು ಅದೇ ನಂಬಿಕೆಯಿಂದ ಫೋನನ್ನೂ ಗುಟ್ಟಿನ ನಂಬರನ್ನೂ ಕೊಡುತ್ತಾರೆ. ಇನ್ನೊಬ್ಬರಿಗೆ ಒಪ್ಪಿಸುವ ರೂಢಿ ಹಚ್ಚಿದವರು ನಾವೇ ಅಲ್ಲವೇ? ಈಗ ನಮ್ಮಲ್ಲಿ ಒಂದು ನಿಯಮ ಮಾಡಿದ್ದೇವೆ: ಹೇಳಿಕೊಡುವವರು ಕೈ ಕಟ್ಟಿಕೊಂಡು ಕೂರಬೇಕು, ಬೆರಳು ದೊಡ್ಡಪ್ಪನದೇ ಓಡಬೇಕು. ಅವರು ಒಂದು ನೋಟುಪುಸ್ತಕದಲ್ಲಿ ಹೆಜ್ಜೆಗಳನ್ನು ಕನ್ನಡದಲ್ಲಿ ಬರೆದುಕೊಂಡಿದ್ದಾರೆ. ಮೊನ್ನೆ ತಾವೇ ಲೈಟ್ ಬಿಲ್ ತುಂಬಿದರು. ನಲವತ್ತು ನಿಮಿಷ ಹಿಡಿಯಿತು. ಆ ದಿನ ಅವಲಕ್ಕಿಯ ಬಗ್ಗೆ ತಕರಾರು ಬರಲಿಲ್ಲ.

ನಮ್ಮ ಸಂಘದ ಕಾರ್ಯಕಾರಿ ಸಮಿತಿಗೆ ಒಂದು ಬಿನ್ನಹ. ವರ್ಷಕ್ಕೊಮ್ಮೆ ರಾಜ್ಯೋತ್ಸವಕ್ಕಾಗಿ ನವೆಂಬರದಲ್ಲಿ ಹೇಗೂ ಸಭಾಗೃಹ ತೆರೆಯುತ್ತೇವೆ. ಅದೇ ತಿಂಗಳು ಹಯಾತ್ ದಾಖಲೆಯ ತಿಂಗಳು. ಒಂದು ಭಾನುವಾರ ಮೂಲೆಯಲ್ಲಿ ಒಂದು ಮೇಜು, ಎರಡು ಫೋನು, ತಾಳ್ಮೆಯುಳ್ಳ ನಾಲ್ವರು ಕಾಲೇಜು ಹುಡುಗ ಹುಡುಗಿಯರು, ಇಷ್ಟಿದ್ದರೆ ಸಾಕು. ಹಾರ ತುರಾಯಿಯ ಖರ್ಚಿಗಿಂತ ಕಡಿಮೆ. ಮೆಟ್ಟಿಲು ಹತ್ತಲಾರದವರ ಮನೆಗೆ ಆ ಹುಡುಗರೇ ಹೋಗಲಿ. ಮೊದಲ ದಿನ ಕೂರಲು ನಾವು ಸಿದ್ಧ. ದೊಡ್ಡಪ್ಪನೂ ಬರುತ್ತಾರಂತೆ, ಮೇಷ್ಟ್ರಾಗಿ.

ಕಡೆಗೆ ಆ ಮುದುಕಿಯ ವಿಚಾರ. ನಮ್ಮ ಕಿಟಕಿಯ ಕಚ್ಚಾ ವಹಿಯಲ್ಲಿ ಬಂದವರ ಹೆಸರು, ಫೋನು ನಂಬರು ಬರೆಯುವ ಪದ್ಧತಿಯುಂಟು. ಹುಡುಕಿ ತೆಗೆದು ಒಂದು ಮಧ್ಯಾಹ್ನ ಫೋನು ಮಾಡಿದೆವು. ಅವಳೇ ಎತ್ತಿದಳು. ನಾವು ಯಾರೆಂದು ಹೇಳಿ, ಕೆಲಸವಾಯಿತೇ ಎಂದು ಕೇಳಿದೆವು. ಆಗಿತ್ತು. ಸ್ಟೇಷನ್ನಿನ ಹತ್ತಿರದ ಒಂದು ಅಂಗಡಿಯವನು ಮೂರು ಸಲ ಓಡಾಡಿಸಿ ಮುನ್ನೂರು ರೂಪಾಯಿ ತಕ್ಕೊಂಡು ಮಾಡಿಕೊಟ್ಟಿದ್ದ. "ನೀನು ಫೋನು ಮಾಡಿದೆಯಲ್ಲ ಬಾಳಾ, ಸಾಕು" ಎಂದಳು. ಸಿಟ್ಟಿನಿಂದ ಬೈದಿದ್ದರೆ ನಮಗೆ ಹಗುರಾಗುತ್ತಿತ್ತು.

ಮರುದಿನ ನಮ್ಮ ಕಿಟಕಿಯ ಮುಂದೆ ಒಂದು ಕುರ್ಚಿ ಹಾಕಿದೆವು. ಆನ್‌ಲೈನ್ ಅರ್ಜಿ ತುಂಬಲಾರದ ಹಿರಿಯರದನ್ನು ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಇಲ್ಲಿಯೇ ತುಂಬಿಸಿಕೊಡಲಾಗುವುದೆಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆವು. ಸಾಹೇಬರು ಬಂದು ನೋಡಿ, "ಈ ಕುರ್ಚಿಗೆ ಮಂಜೂರಾತಿ ಯಾರು ಕೊಟ್ಟರು?" ಎಂದು ಕೇಳಿದರು. ಫೈಲು ಮಾಡಿ ಕಳಿಸಿದ್ದೇವೆ ಎಂದೆವು. ಫೈಲು ಇನ್ನೂ ಮೇಲೆ ಹೋಗುತ್ತಲೇ ಇದೆ. ಕುರ್ಚಿ ಮಾತ್ರ ಅಲ್ಲಿಯೇ ಇದೆ. ದಿನವೂ ಮೂರು ಗಂಟೆಗೆ ಅದರ ಮೇಲೆ ಯಾರಾದರೂ ಕೂತಿರುತ್ತಾರೆ.

ಫ್ಯಾನುಗಳ ಪುರಾಣ ಮುಂದಿನ ಸಂಚಿಕೆಗೆ.